ಅತ್ತೆ ಕೊಟ್ಟ ಸೊನ್ನೆ

ಹಲ್ಲಿನ ಡಾಕ್ಟರು ಒಂದು ಭಾನುವಾರ ಬೆಳಿಗ್ಗೆ ತಿಂಡಿಯ ಮೇಜಿನಿಂದ ಎದ್ದು ನಿಂತು, ಈ ವರ್ಷ ತಮ್ಮ ಕಾಲು ನೆಲಕ್ಕೆ ತಾಗುವುದಿಲ್ಲ ಎಂದು ಸಾರಿದರು. ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. ಅತ್ತೆ ಮಾತ್ರ ಕನ್ನಡಕ ಸರಿಮಾಡಿಕೊಂಡು ಮೇಜಿನ ಕೆಳಗೆ ಬಗ್ಗಿ ನೋಡಿದರು. ಅಳಿಯನ ಎರಡು ಕಾಲೂ ನೆಲದ ಮೇಲೇ ಇದ್ದವು.

ಡಾಕ್ಟರು ಆಡಿದ್ದು ಮೋಟಾರ್ ಸೈಕಲ್ಲಿನ ಮಾತು. ಮನೆಯ ಹಿಂದಿನ ಕೋಣೆಯಲ್ಲಿ ಅವರದೊಂದು ಹಳೆಯ ಬ್ರಿಟಿಷ್ ಬೈಕು ಇತ್ತು. ಇತ್ತು ಎಂದರೆ, ಚಕ್ರಗಳು ಗೋಡೆಗೆ ಒರಗಿದ್ದವು, ಪೆಟ್ರೋಲ್ ಟ್ಯಾಂಕು ಮಂಚದ ಮೇಲೆ ಮಲಗಿತ್ತು, ಎಂಜಿನ್ನು ಕಿಟಕಿಯ ಕಟ್ಟೆ ಏರಿ ಕೂತಿತ್ತು, ಮಿಕ್ಕಿದ್ದೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿತ್ತು. ಯಾರೋ ಹಳೆಯ ಗೋದಾಮು ಖಾಲಿ ಮಾಡುವಾಗ ಗುಜರಿಗೆ ಹಾಕಲು ಹೊರಟಿದ್ದ ಬೈಕು ಅದು. ಡಾಕ್ಟರು ಅದನ್ನು ದಿಕ್ಕಿಲ್ಲದ ಮಗುವನ್ನು ಎತ್ತಿಕೊಂಡು ಬಂದ ಹಾಗೆ ಮನೆಗೆ ತಂದಿದ್ದರು. ಮಗುವಿನ ವಯಸ್ಸು ಡಾಕ್ಟರ ವಯಸ್ಸಿಗಿಂತ ಹೆಚ್ಚು ಎಂಬುದು ಬೇರೆ ಮಾತು.

ಇದು ಓಟದ ಬೈಕಲ್ಲ. ಟ್ರಯಲ್ಸ್ ಎಂಬ ಆಟಕ್ಕೆಂದೇ ಮಾಡಿದ್ದು. ಈ ಆಟದಲ್ಲಿ ವೇಗವನ್ನು ಯಾರೂ ಕೇಳುವುದಿಲ್ಲ. ಬಂಡೆ, ಕೆಸರು, ತೊರೆ, ಮರದ ಬೇರು, ಕಡಿದಾದ ಏರು, ಇಂಥ ಜಾಗಗಳಲ್ಲಿ ಗೂಟ ನೆಟ್ಟು ದಾರಿ ಗುರುತು ಮಾಡಿರುತ್ತಾರೆ. ಆ ದಾರಿಯಲ್ಲಿ ಆಮೆಯ ಹಾಗೆ ಹೋದರೂ ಸೈ, ಕಾಲು ಮಾತ್ರ ನೆಲಕ್ಕೆ ತಾಗಬಾರದು. ಒಂದು ಸಲ ತಾಗಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಅದಕ್ಕೂ ಹೆಚ್ಚಾದರೆ ಮೂರು. ನಿಂತುಹೋದರೆ ಅಥವಾ ಬಿದ್ದರೆ ಐದು. ಅಂಕ ಕಡಿಮೆ ಬಂದವನೇ ಗೆದ್ದವನು. ಸೊನ್ನೆ ತೆಗೆದುಕೊಂಡು ಎದೆಯುಬ್ಬಿಸಿ ಮನೆಗೆ ಬರಬಹುದಾದ ಆಟ ಇದು ಎಂದು ಡಾಕ್ಟರು ವಿವರಿಸಿದಾಗ ಅತ್ತೆಗೆ ಅದೇಕೋ ಒಪ್ಪಿಗೆಯಾಗಲಿಲ್ಲ.

ಅತ್ತೆ ಜೀವಮಾನವಿಡೀ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಉತ್ತರ ಸರಿಯಿದ್ದು, ಕೊನೆಯಲ್ಲಿ ಸೆಂಟಿಮೀಟರ್ ಎಂದು ಬರೆಯದಿದ್ದರೆ ಅರ್ಧ ಅಂಕ ಕಿತ್ತುಕೊಳ್ಳುತ್ತಿದ್ದರು. ಒಮ್ಮೆ ಸ್ವಂತ ಮಗಳನ್ನೇ ಒಂದು ಅಂಕದಿಂದ ಫೇಲು ಮಾಡಿ, ಸಂಜೆ ಮನೆಗೆ ಬಂದು ಅವಳ ಕಣ್ಣೊರೆಸಿ ಊಟ ಮಾಡಿಸಿದ್ದರು. ಆ ಮಗಳೇ ಈಗ ಡಾಕ್ಟರ ಹೆಂಡತಿ. ಅತ್ತೆ ಕೆಲವು ತಿಂಗಳ ಹಿಂದೆ ಮಗಳ ಮನೆಗೆ ಬಂದು ನೆಲೆಸಿದ್ದರು. ಅವರಿಗೆಂದು ಇದ್ದ ಹಿಂದಿನ ಕೋಣೆಯಲ್ಲಿ ಬೈಕು ಸಂಸಾರ ಹೂಡಿದ್ದರಿಂದ ಹಾಲ್‌ನ ಉದ್ದ ಸೋಫಾದ ಮೇಲೆ ಅವರ ಹಾಸಿಗೆ ಬಿದ್ದಿತ್ತು. ಇದೊಂದು ವಿಷಯ ಗಂಡ ಹೆಂಡಿರ ನಡುವೆ ಆಗಾಗ ಹೊಗೆಯಾಡುತ್ತಿತ್ತು, ಹೊತ್ತಿ ಉರಿದಿರಲಿಲ್ಲ.

ಹೊತ್ತಿಸಿದ್ದು ಓವನ್.

ಡಾಕ್ಟರ ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಮಾರುವವರು. ಅಡುಗೆಮನೆಯ ದೊಡ್ಡ ಓವನ್ ಅವರ ಪಾಲಿಗೆ ಕಚೇರಿ, ಕಾರ್ಖಾನೆ ಎಲ್ಲವೂ. ಅದರ ಗುಂಡಿಗಳನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಇತ್ತ ಡಾಕ್ಟರ ಬೈಕಿನ ಎಂಜಿನ್ನಿನಲ್ಲಿ ಸವೆದುಹೋದ ಒಂದು ಬೇರಿಂಗ್ ಅಲ್ಯೂಮಿನಿಯಂ ಕವಚಕ್ಕೆ ಕಚ್ಚಿಕೊಂಡು ಕೂತಿತ್ತು. ಬಡಿದರೆ ಕವಚ ಒಡೆಯುತ್ತದೆ, ಬೆಂಕಿಗೆ ಹಿಡಿದರೆ ಸೊಟ್ಟಗಾಗುತ್ತದೆ. ಎಲ್ಲ ಕಡೆಯಿಂದ ಒಂದೇ ಸಮನೆ ಬಿಸಿ ತಾಗಿದರೆ ಕವಚ ಹಿಗ್ಗಿ ಬೇರಿಂಗ್ ತಾನಾಗಿ ಕಳಚಿ ಬೀಳುತ್ತದೆ. ಹೊಸ ಬೇರಿಂಗನ್ನು ಫ್ರೀಜರ್‌ನಲ್ಲಿಟ್ಟರೆ ಅದು ಕುಗ್ಗಿ ಆ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಹಳೆಯ ಬೈಕು ರಿಪೇರಿ ಮಾಡುವವರೆಲ್ಲ ಇದನ್ನು ಬಲ್ಲರು, ಅವರ ಹೆಂಡತಿಯರೂ ಕಾಲಕ್ರಮೇಣ ಬಲ್ಲವರಾಗುತ್ತಾರೆ.

ಹೆಂಡತಿ ಸಕ್ಕರೆ, ಮೈದಾ ತರಲು ಪೇಟೆಗೆ ಹೋದ ಹೊತ್ತು ನೋಡಿ ಡಾಕ್ಟರು ಕೆಲಸ ಸಾಧಿಸಿದರು. ಎಂಜಿನ್ನಿನ ಅರ್ಧ ಕವಚವನ್ನು ಕೇಕಿನ ತಟ್ಟೆಯ ಮೇಲಿಟ್ಟು ಒಳಗೆ ತಳ್ಳಿದರು. ಹೊಸ ಬೇರಿಂಗನ್ನು ಬಟಾಣಿ ಚೀಲದ ಪಕ್ಕ ಫ್ರೀಜರ್‌ನಲ್ಲಿ ಬಚ್ಚಿಟ್ಟರು. ಸ್ವಲ್ಪ ಹೊತ್ತಿಗೆ ಓವನ್ನಿನೊಳಗಿಂದ ಟಣ್ ಎಂಬ ಸದ್ದು ಕೇಳಿತು. ಹಳೆಯ ಬೇರಿಂಗ್ ಹಣ್ಣಾದ ಹಲ್ಲಿನ ಹಾಗೆ ಕಳಚಿ ಬಿದ್ದಿತ್ತು. ವೃತ್ತಿ ಜೀವನದಲ್ಲಿ ಅಷ್ಟು ನೋವಿಲ್ಲದೆ ಯಾವ ಹಲ್ಲನ್ನೂ ಕಿತ್ತಿರಲಿಲ್ಲ ಎಂದು ಡಾಕ್ಟರಿಗೆ ಆನಂದಬಾಷ್ಪ ಬಂತು. ತಟ್ಟೆ ತೊಳೆದಿಟ್ಟರು, ಕಿಟಕಿ ತೆರೆದಿಟ್ಟರು, ಹೆಂಡತಿ ಬಂದಾಗ ಪೇಪರ್ ಓದುತ್ತಾ ಕೂತಿದ್ದರು.

ಮರುದಿನ ಅದೇ ಓವನ್ನಿನಲ್ಲಿ ಒಂದು ದೊಡ್ಡ ಕೇಕ್ ಬೆಂದಿತು. ಬಸ್ ಡಿಪೋದ ಮ್ಯಾನೇಜರ್ ಒಬ್ಬರ ನಿವೃತ್ತಿ ಸಮಾರಂಭದ ಆರ್ಡರ್. ಕೇಕ್ ನೋಡಲು ಲಕ್ಷಣವಾಗಿತ್ತು. ತಿಂದವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಟ್ಟೆ ಕೆಳಗಿಟ್ಟರಂತೆ. ನಿವೃತ್ತರಾಗುತ್ತಿದ್ದ ಮ್ಯಾನೇಜರ್ ಒಬ್ಬರೇ ಎರಡನೇ ತುಂಡು ಕೇಳಿ ತಿಂದು, ಇಷ್ಟು ವರ್ಷ ಡಿಪೋದಲ್ಲಿ ಉಸಿರಾಡಿದ ಗಾಳಿಯೆಲ್ಲ ನೆನಪಾಯಿತು ಎಂದು ಕಣ್ಣಲ್ಲಿ ನೀರು ತುಂಬಿಕೊಂಡರಂತೆ. ಆರ್ಡರ್ ಕೊಟ್ಟವರು ಇದನ್ನು ಹೊಗಳಿಕೆಯಾಗಿ ಹೇಳಲಿಲ್ಲ. ಹೆಂಡತಿ ಓವನ್ನಿನ ಬಾಗಿಲು ತೆರೆದು ಮೂಗು ಒಳಗಿಟ್ಟರು. ಆಮೇಲೆ ಗಂಡನನ್ನು ಕರೆದರು.

"ಓವನ್ನಲ್ಲಿ ಏನಿಟ್ಟಿದ್ರಿ?"

"ಏನೂ ಇಲ್ವಲ್ಲ."

"ಏನೂ ಇಡದಿದ್ರೆ ಗ್ರೀಸ್ ವಾಸನೆ ಬರುತ್ತಾ?"

ಡಾಕ್ಟರು ಸುಳ್ಳು ಹೇಳುವುದರಲ್ಲಿ ಪಳಗಿದವರಲ್ಲ. "ಅರ್ಧ ಎಂಜಿನ್ ಅಷ್ಟೇ ಕಣೇ," ಎಂದರು. "ಇನ್ನರ್ಧ ನಾಳೆ ಇಡೋಣ ಅಂತಿದ್ದೆ."

ಅನಂತರ ನಡೆದದ್ದನ್ನು ಪೂರ್ತಿ ಬರೆಯುವುದು ಬೇಡ. ಓವನ್ನಿನಿಂದ ಶುರುವಾದದ್ದು ಫ್ರೀಜರ್‌ಗೆ ಬಂತು. ಅಲ್ಲಿಂದ ಎಂಜಿನ್ನಿನ ಕೆಳಗೆ ಸೋರುವ ಎಣ್ಣೆ ಹಿಡಿಯಲು ಇಟ್ಟಿದ್ದ ಪಿಜ್ಜಾ ತಟ್ಟೆಗೆ ಹೋಯಿತು. ಕೊನೆಗೆ ಎಲ್ಲಿ ಬಂದು ನಿಲ್ಲಬೇಕೋ ಅಲ್ಲಿಗೇ ಬಂದು ನಿಂತಿತು.

"ನಿಮ್ಮ ಟ್ಯಾಂಕಿಗೆ ಮಂಚ, ನಮ್ಮಮ್ಮನಿಗೆ ಸೋಫಾ," ಎಂದರು ಹೆಂಡತಿ. "ಕಾಲು ತಾಗಿಸಲ್ಲ ಅಂತ ಡಂಗುರ ಹೊಡೆದ್ರಲ್ಲ, ಈ ಸಲದ ಸ್ಪರ್ಧೆಗೆ ಹೋಗಿ ಬನ್ನಿ. ಗೆಲ್ಲಿ ಅಂತ ನಾನೇನೂ ಕೇಳಲ್ಲ. ಆದ್ರೆ ಎಲ್ಲರಿಗಿಂತ ಕೊನೆಗೆ ಬಂದ್ರೆ ಬೈಕು ಆಚೆ, ಅಮ್ಮ ಒಳಗೆ."

"ಕೊನೆಗೆ ಬರದಿದ್ರೆ?"

"ಆ ಕೋಣೆ ಸುದ್ದೀನೇ ಎತ್ತಲ್ಲ. ಮಾತು ಅಂದ್ರೆ ಮಾತು."

ಅತ್ತೆ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದರು. ಧ್ವನಿಯನ್ನು ಕೊಂಚ ಕಡಿಮೆ ಮಾಡಿದ್ದರು.

ಬೈಕು ಆಚೆ ಎಂದರೆ ಎಲ್ಲಿಗೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಳೆಯ ಬೈಕುಗಳ ಕ್ಲಬ್ಬಿನ ಕಾರ್ಯದರ್ಶಿ, ವೃತ್ತಿಯಿಂದ ನಲ್ಲಿ ರಿಪೇರಿಯವರು, ಬಹಳ ದಿನದಿಂದ ಅದರ ಮೇಲೆ ಕಣ್ಣಿಟ್ಟಿದ್ದರು. ಮನೆಗೆ ಬಂದಾಗಲೆಲ್ಲ ಅಡುಗೆಮನೆಯ ನಲ್ಲಿ ಸೋರುತ್ತಿದೆಯೇ ಎಂದು ಒಮ್ಮೆ ಕೇಳುತ್ತಿದ್ದರು, ಬೈಕು ಕೊಡುತ್ತೀರಾ ಎಂದು ಮೂರು ಸಲ ಕೇಳುತ್ತಿದ್ದರು.

ಡಾಕ್ಟರು ಹಗಲು ರಾತ್ರಿ ಎನ್ನದೆ ದುಡಿದರು. ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಹಲ್ಲಿನ ಬೇರು ಬಿಡಿಸುವ ಸೂಜಿಯಿಂದ ಬಿಡಿಸಿದರು. ಹಲ್ಲಿಗೆ ಹೊಳಪು ಕೊಡುವ ಯಂತ್ರದಿಂದ ಟ್ಯಾಂಕಿನ ಮುಚ್ಚಳಕ್ಕೆ ಹೊಳಪು ಕೊಟ್ಟರು. ಅವರ ಬಳಿ ಇದ್ದ ಯಾವ ಸ್ಪ್ಯಾನರ್ರೂ ಆ ಕಾಲದ ಬ್ರಿಟಿಷ್ ನಟ್ಟುಗಳಿಗೆ ಕೂರುತ್ತಿರಲಿಲ್ಲ. ಒಂದು ದೊಡ್ಡದಾಗುತ್ತಿತ್ತು, ಪಕ್ಕದ್ದು ಚಿಕ್ಕದಾಗುತ್ತಿತ್ತು. ಕೊನೆಗೆ ಕಾರ್ಯದರ್ಶಿಗಳೇ ತಮ್ಮಲ್ಲಿದ್ದ ಆ ಅಳತೆಯ ಸ್ಪ್ಯಾನರ್ ಕಟ್ಟನ್ನು ತಂದುಕೊಟ್ಟರು. ಬೈಕು ಮುಂದೆ ತಮ್ಮ ಮನೆಗೆ ಬರುವಾಗ ಕೆಟ್ಟು ಕೂತಿರಬಾರದು ಎಂಬ ದೂರಾಲೋಚನೆ ಅವರದು. ಎಲ್ಲ ಜೋಡಿಸಿಯಾದ ಮೇಲೆ ಡಬ್ಬಿಯಲ್ಲಿ ಮೂರು ಸ್ಕ್ರೂ ಉಳಿದವು. ಡಾಕ್ಟರು ಅವನ್ನು ಜೇಬಿಗಿಳಿಸಿ, ಯಾರಿಗೂ ಹೇಳದೆ ಕಿಕ್ಕರ್ ಮೆಟ್ಟಿದರು. ಮೊದಲ ಸಲ ಬೈಕು ಅವರನ್ನೇ ತಿರುಗಿ ಒದೆಯಿತು. ಆಮೇಲೆ ಕೆಮ್ಮಿತು, ಸೀನಿತು, ಕಡೆಗೆ ಢಬ ಢಬ ಎಂದು ಬದುಕಿತು.

ಅಭ್ಯಾಸಕ್ಕೆ ಮನೆಯ ಹಿಂದಿನ ಓಣಿ ಸಾಕಾಯಿತು. ಆದರೆ ಆ ಕಾಲದ ಬ್ರಿಟಿಷ್ ಬೈಕುಗಳಿಗೆ ಒಂದು ಹಟವಿದೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಡಾಕ್ಟರು ದಿನಾ ಕ್ಲಿನಿಕ್ಕಿಗೆ ಓಡಿಸುವ ಬೈಕಿನಲ್ಲಿ ಇದು ತಿರುಗಾಮುರುಗಾ. ತಲೆಗೆ ಇದು ಗೊತ್ತಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ. ಓಣಿಯ ತಿರುವಿನಲ್ಲಿ ಡಾಕ್ಟರು ಬಲಗಾಲಿನಿಂದ ಬ್ರೇಕು ಒತ್ತಿದರು. ಅಂದರೆ ಗೇರು ಏರಿಸಿದರು. ಬೈಕು ನಿಲ್ಲಲಿಲ್ಲವೆಂದು ಗಾಬರಿಯಾಗಿ ಇನ್ನೊಮ್ಮೆ ಒತ್ತಿದರು. ಇನ್ನೊಂದು ಗೇರು ಏರಿತು. ಎದುರಿಗೆ ಶಿಶುವಿಹಾರದ ಗೇಟು ತೆರೆದಿತ್ತು. ಬೈಕು ಒಳಗೆ ನುಗ್ಗಿ, ಮಕ್ಕಳು ಆಡುವ ಮರಳಿನ ಗುಂಡಿಯಲ್ಲಿ ಮೂತಿ ಹುದುಗಿಸಿ ನಿಂತಿತು. ಪುಣ್ಯಕ್ಕೆ ಅದು ಹಾಲು ಕುಡಿಯುವ ಹೊತ್ತು, ಮಕ್ಕಳೆಲ್ಲ ವರಾಂಡದಲ್ಲಿದ್ದರು. ಎಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ಶಿಶುವಿಹಾರದ ಟೀಚರ್ ಹೆಲ್ಮೆಟ್ಟಿನೊಳಗಿನ ಮುಖವನ್ನು ಗುರುತು ಹಿಡಿದುಬಿಟ್ಟರು. ಹಲ್ಲಿನ ಆರೋಗ್ಯದ ಬಗ್ಗೆ ಬಂದು ಮಾತಾಡಿ ಎಂದು ಎಷ್ಟು ಸಲ ಕೇಳಿಕೊಂಡರೂ ಬಿಡುವಿಲ್ಲ ಎನ್ನುತ್ತಿದ್ದ ಡಾಕ್ಟರು ಇವತ್ತು ತಾವಾಗಿಯೇ ಬಂದಿದ್ದಾರೆ ಎಂದು ಮಕ್ಕಳಿಗೆ ತಿಳಿಸಿದರು. ಡಾಕ್ಟರು ಮೊಣಕಾಲುದ್ದ ಮರಳಿನಲ್ಲಿ ಕೂತು, ಬಾಯಲ್ಲಿದ್ದ ಮರಳನ್ನು ಉಗಿದು, ಹಲ್ಲನ್ನು ದಿನಕ್ಕೆ ಎರಡು ಸಲ ಉಜ್ಜಬೇಕು ಎಂಬುದರಿಂದ ಭಾಷಣ ಆರಂಭಿಸಿದರು. ಒಂದು ಪುಟ್ಟ ಹುಡುಗಿ, ಬ್ರಷ್ ತರಲು ಹೋಗುವಾಗಲೂ ಇಷ್ಟೇ ಜೋರಾಗಿ ಹೋಗಬೇಕಾ ಎಂದು ಕೇಳಿದಳು.

ಸುದ್ದಿ ಡಾಕ್ಟರಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಕೈಯ ಹಿಟ್ಟು ಒರೆಸಿಕೊಂಡರು. ಕಾರ್ಯದರ್ಶಿಗೆ ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಬೈಕು ನಿಲ್ಲಿಸಲು ಜಾಗ ಎಷ್ಟಿದೆ ಎಂದು ವಿಚಾರಿಸಿದರು.

ಸ್ಪರ್ಧೆ ಹತ್ತಿರ ಬಂದಾಗ ಇನ್ನೊಂದು ತೊಡಕು ಎದುರಾಯಿತು. ಬಂಡೆ ಬಂಡೆಗೂ ಒಬ್ಬರು ಕೂತು ಕಾಲು ತಾಗಿದ್ದನ್ನು ಎಣಿಸಬೇಕು. ಕ್ಲಬ್ಬಿನಲ್ಲಿ ಬೈಕು ಓಡಿಸುವವರಿಗೆ ಬರವಿಲ್ಲ, ಬಿಸಿಲಲ್ಲಿ ಕೂತು ಎಣಿಸುವವರಿಗೆ ಬರ. ಆದ್ದರಿಂದ ಪ್ರತಿಯೊಬ್ಬ ಸ್ಪರ್ಧಿಯೂ ಎಣಿಸಲು ಮನೆಯಿಂದ ಒಬ್ಬರನ್ನು ಕರೆತರಬೇಕು ಎಂದು ಕಾರ್ಯದರ್ಶಿ ಅಪ್ಪಣೆ ಮಾಡಿದರು. ಹೆಂಡತಿಗೆ ಅಂದು ಎರಡು ಆರ್ಡರ್ ಇದ್ದವು. ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಆಗ ಸೋಫಾದ ಕಡೆಯಿಂದ ಮಾತು ಬಂತು.

"ಅಂಕ ಹಾಕೋದು ತಾನೇ? ನಾನು ಬರ್ತೀನಿ."

ಡಾಕ್ಟರು ತಲೆ ಮೇಲಿನ ಕೈ ಇಳಿಸಿದರು. ತಾವು ಸೋತರೆ ಯಾರಿಗೆ ಕೋಣೆ ಸಿಗುವುದೋ ಅವರೇ ತಮ್ಮ ಅಂಕ ಹಾಕುವವರು! ಅದೂ ಎಂಥವರು, ಹೆತ್ತ ಮಗಳನ್ನೇ ಒಂದು ಅಂಕಕ್ಕೆ ಬಿಡದವರು. ಆದರೆ ಕ್ಷಣ ಕಳೆದ ಮೇಲೆ ಇನ್ನೊಂದು ಯೋಚನೆ ಹೊಳೆಯಿತು. ಅತ್ತೆ ಅಂಕ ಕೊಡುವುದರಲ್ಲಿ ಕಡು ಜಿಪುಣರು. ಈ ಆಟದಲ್ಲಿ ಅಂಕ ಕಡಿಮೆ ಸಿಕ್ಕಷ್ಟೂ ಲಾಭ. ಕೈ ಬಿಗಿಹಿಡಿಯುವ ಅತ್ತೆಗಿಂತ ಒಳ್ಳೆಯ ಪರೀಕ್ಷಕರು ಎಲ್ಲಿ ಸಿಕ್ಕಾರು? ಡಾಕ್ಟರು ಸಮಾಧಾನಪಟ್ಟುಕೊಂಡು ಅವರಿಗೆಂದು ಮಡಚುವ ಕುರ್ಚಿಯೊಂದನ್ನು ಕೊಂಡು ತಂದರು.

ಸ್ಪರ್ಧೆ ನಡೆದದ್ದು ಊರಾಚೆಯ ಪಾಳುಬಿದ್ದ ಕಲ್ಲುಗಣಿಯಲ್ಲಿ. ಬಂದ ಬೈಕುಗಳೆಲ್ಲ ಹಳೆಯವು, ಓಡಿಸುವವರು ಅವಕ್ಕಿಂತ ಹೊಸಬರೇನಲ್ಲ. ಅತ್ತೆಗೆ ಎಲ್ಲಕ್ಕಿಂತ ಕೊನೆಯ ಘಟ್ಟವನ್ನು ಒಪ್ಪಿಸಿದ್ದರು. ತೊರೆ ದಾಟಿ, ಆನೆಗಾತ್ರದ ಬಂಡೆಯೊಂದನ್ನು ಬಳಸಿ, ಜಾರುವ ಏರನ್ನು ಹತ್ತಿ ಎರಡು ಕೆಂಪು ಗೂಟಗಳ ನಡುವೆ ಹಾಯ್ದರೆ ಘಟ್ಟ ಮುಗಿಯಿತು. ಅತ್ತೆ ಆ ಗೂಟಗಳ ಪಕ್ಕ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಚ್ಚಿ, ಫ್ಲಾಸ್ಕು ಬದಿಗಿಟ್ಟು, ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡರು. ನೋಡಲು ಬಂದವರೆಲ್ಲ ಕೆಳಗೆ ತೊರೆಯ ಹತ್ತಿರ ನಿಂತಿದ್ದರು. ಬಂಡೆಯ ಹಿಂದೆ ನಡೆಯುವುದು ಕಾಣುತ್ತಿದ್ದುದು ಅತ್ತೆಗೆ ಮಾತ್ರ.

ಡಾಕ್ಟರ ಲೆಕ್ಕಾಚಾರ ಬೆಳಿಗ್ಗೆಯೇ ಕೈಕೊಟ್ಟಿತು. ಜೀವಮಾನದಲ್ಲಿ ಅಂಕ ಬಿಚ್ಚದ ಅತ್ತೆ ಅಂದು ಧಾರಾಳವಾಗಿ ಹಂಚತೊಡಗಿದರು. ಬೂಟಿನ ತುದಿ ನೀರಿಗೆ ಸೋಕಿದರೂ ಒಂದು. ಮೊಣಕಾಲು ಬಂಡೆಗೆ ಒರಗಿದರೂ ಒಂದು. ಕಾರ್ಯದರ್ಶಿಗಳು ಒಂದೂ ತಪ್ಪಿಲ್ಲದೆ ಏರು ಹತ್ತಿ, ಗೂಟ ಇನ್ನೇನು ದಾಟಬೇಕು ಎನ್ನುವಾಗ ಮರ್ಯಾದೆಗೆ ಬೈಕು ನಿಲ್ಲಿಸಿ, "ಆರಾಮಾಗಿದ್ದೀರಾ ಅಮ್ಮ?" ಎಂದು ಕೇಳಿದರು.

"ಆರಾಮಾಗಿದ್ದೀನಿ. ನಿಂತ್ರಿ, ಐದು," ಎಂದರು ಅತ್ತೆ.

ಸುದ್ದಿ ಗಣಿಯ ತುಂಬ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಘಟ್ಟಕ್ಕೆ ಬರುವವರೆಲ್ಲ ಹೆಲ್ಮೆಟ್ ಸರಿಪಡಿಸಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು ಬರತೊಡಗಿದರು. ಅಳಿಯನ ಅಂಕವನ್ನು ಅತ್ತೆ ಹಾಕುವುದು ಸರಿಯೇ ಎಂದು ಬೆಳಿಗ್ಗೆ ಗೊಣಗಿದ್ದವರೂ ಬಾಯಿ ಮುಚ್ಚಿಕೊಂಡರು.

ಇತ್ತ ಡಾಕ್ಟರ ಸ್ಥಿತಿ ಹೇಳಿಕೊಳ್ಳುವ ಹಾಗಿರಲಿಲ್ಲ. ಮೊದಲ ಘಟ್ಟದ ಕೆಸರಿನಲ್ಲಿ ಕೂತುಬಿಟ್ಟಿದ್ದರು. ಎರಡನೆಯದರಲ್ಲಿ ಬೈಕು ಮುಂದೆ ಹೋಗಿತ್ತು, ಅವರು ಹಿಂದೆ ಉಳಿದಿದ್ದರು. ಆಮೇಲಾಮೇಲೆ ಕೈ ಕುದುರಿತು, ಆದರೂ ಅಂಕಗಳು ರಾಶಿ ಬಿದ್ದಿದ್ದವು. ಅವರ ಜೊತೆಗೆ ಪೈಪೋಟಿಗೆ ಇದ್ದದ್ದು ಒಬ್ಬರೇ, ಉದ್ದ ಗಡ್ಡದ ನಿವೃತ್ತ ಅಂಚೆಯವರು. ಆ ಗಡ್ಡದವರು ಪ್ರತಿ ವರ್ಷ ಕೊನೆಯ ಸ್ಥಾನವನ್ನು ತಪ್ಪದೆ ಉಳಿಸಿಕೊಂಡು ಬಂದವರು, ಅದಕ್ಕಾಗಿ ಅವರಿಗೆ ಬೇಸರವೂ ಇರಲಿಲ್ಲ. ಕೊನೆಯ ಘಟ್ಟಕ್ಕೆ ಬರುವಾಗ ಇಬ್ಬರ ಅಂಕವೂ ಸಮವಾಗಿತ್ತು. ಗಡ್ಡದವರು ಮೊದಲು ಹೋಗಿ, ಒಂದೇ ಒಂದು ಸಲ ಕಾಲು ಊರಿ, ಒಂದು ಅಂಕ ಪಡೆದು ನಗುತ್ತಾ ಇಳಿದು ಬಂದರು.

ಈಗ ಡಾಕ್ಟರಿಗೆ ಒಂದೇ ದಾರಿ. ಸೊನ್ನೆ ಬರಬೇಕು. ಒಂದು ಬಂದರೆ ಗಡ್ಡದವರ ಜೊತೆ ಕೊನೆ, ಎರಡು ಬಂದರೆ ತಾವೊಬ್ಬರೇ ಕೊನೆ. ಬೈಕು ಆಚೆ. ಕಾರ್ಯದರ್ಶಿಗಳು ತೊರೆಯ ದಡದಲ್ಲಿ ನಿಂತು ಬೈಕನ್ನು ಆಗಲೇ ತಮ್ಮದೆಂಬ ಹಾಗೆ ನೋಡುತ್ತಿದ್ದರು. ಡಾಕ್ಟರು ಅಂಕದ ಕಾರ್ಡನ್ನು ಅತ್ತೆಯ ಕೈಗೆ ಕೊಡಲು ನಡೆದು ಮೇಲೆ ಹೋದರು. ಅತ್ತೆ ಅದರ ಮೇಲೊಮ್ಮೆ ಕಣ್ಣು ಹಾಯಿಸಿ, ಬಾಯಲ್ಲೇ ಕೂಡಿ, ಪೆನ್ಸಿಲ್ ಎತ್ತಿಕೊಂಡರು.

ಡಾಕ್ಟರು ಕೆಳಗಿಳಿದು ಬೈಕು ಏರಿದರು. ತೊರೆಯಲ್ಲಿ ಇಳಿದರು. ಕಲ್ಲುಗಳು ಚಕ್ರದ ಕೆಳಗೆ ಉರುಳಿದವು, ಎಂಜಿನ್ನು ಒಂದೊಂದೇ ಉಸಿರು ಎಣಿಸಿಕೊಂಡು ಎಳೆಯಿತು. ನಿಂತೇ ಓಡಿಸುತ್ತಿದ್ದ ಅವರು ಬಂಡೆಯ ಹಿಂದೆ ತಿರುಗಿದರು. ಅಲ್ಲಿ ಏನಾಯಿತೆಂದು ಅವರಿಗೆ ಸ್ಪಷ್ಟವಾಗಿ ನೆನಪಿಲ್ಲ. ಬೈಕು ಅತ್ತ ವಾಲಿತು, ಇತ್ತ ವಾಲಿತು, ಕಣ್ಣಿಗೆ ಬೆವರು ಇಳಿಯಿತು. ಏರಿನಲ್ಲಿ ಹಿಂದಿನ ಚಕ್ರ ಜಾರಿತು, ಮತ್ತೆ ಹಿಡಿಯಿತು. ಆಮೇಲೆ ಕೆಂಪು ಗೂಟಗಳು ಎರಡೂ ಬದಿಗೆ ಬಂದವು, ಹಿಂದೆ ಸರಿದವು. ದಾಟಿದ್ದರು! ಕೆಳಗಿನವರು ಸಿಳ್ಳೆ ಹಾಕಿದರು.

ಡಾಕ್ಟರು ಬೈಕು ನಿಲ್ಲಿಸಿ, ತಲೆಯೆತ್ತಿ ಅತ್ತೆಯ ಕಡೆ ನೋಡಿದರು. ಕಾಲು ತಾಗಿಸಬಾರದು, ಕಾಲು ತಾಗಿಸಬಾರದು ಎಂದು ಇಷ್ಟು ದಿನ ಜಪ ಮಾಡಿದ್ದರಲ್ಲ, ಆ ಮಂತ್ರ ಮೈಯೆಲ್ಲ ಹೊಕ್ಕಿತ್ತು. ಬೈಕು ನಿಂತ ಮೇಲೂ ಅವರು ಕಾಲು ಊರಲಿಲ್ಲ. ಎರಡೂ ಪಾದ ಬೈಕಿನ ಮೇಲೇ ಇಟ್ಟುಕೊಂಡು ಒಂದು ಗಳಿಗೆ ಪ್ರತಿಮೆಯ ಹಾಗೆ ನಿಂತರು. ಆಮೇಲೆ ಬೈಕು ಸಮೇತ, ಅವಸರವಿಲ್ಲದೆ, ಬಲಕ್ಕೆ ಬಿದ್ದರು. ಬಲಕ್ಕೆ ಇದ್ದದ್ದು ಮಡಚುವ ಕುರ್ಚಿ. ಅದು ಹೆಸರಿಗೆ ತಕ್ಕಂತೆ ಮಡಚಿಕೊಂಡಿತು.

ಕೆಳಗಿದ್ದವರು ಓಡಿ ಬಂದು ಕ್ರಮವಾಗಿ ಬೈಕು, ಡಾಕ್ಟರು, ಕೊಡೆ ಇವನ್ನು ಎತ್ತಿದರು. ಎಲ್ಲಕ್ಕಿಂತ ಕೆಳಗೆ ಅತ್ತೆ ಸಿಕ್ಕರು. ಕನ್ನಡಕ ಓರೆಯಾಗಿತ್ತು, ಪೆನ್ಸಿಲ್ ಕೈಯಲ್ಲೇ ಇತ್ತು. ಕೆಸರಿನಲ್ಲಿ ಮಲಗಿಕೊಂಡೇ ಅವರು ಕಾರ್ಡಿನ ಮೇಲೆ ಗುಂಡಗೆ ಒಂದು ಸೊನ್ನೆ ಬರೆದರು.

"ಗೂಟ ದಾಟಿದ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ," ಎಂದರು.

ಆ ನ್ಯಾಯನಿಷ್ಠೆಗೆ ಕಾರ್ಯದರ್ಶಿಗಳೂ ತಲೆಬಾಗಿದರು. ಗಡ್ಡದವರು ಕೊನೆಯ ಸ್ಥಾನ ತಮ್ಮ ಕೈತಪ್ಪಲಿಲ್ಲವೆಂದು ಎಲ್ಲರ ಕೈ ಕುಲುಕಿದರು. ಡಾಕ್ಟರ ಬೈಕು ಉಳಿಯಿತು.

ಅತ್ತೆಯ ಪಾದ ಉಳುಕಿತ್ತು. ಮೂಳೆ ಡಾಕ್ಟರು ಪಟ್ಟಿ ಕಟ್ಟಿ, ಕೆಲವು ವಾರ ಕಾಲು ನೆಲಕ್ಕೆ ತಾಗಿಸಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಹೆಂಡತಿ ಗಂಡನ ಕಡೆ ಒಂದು ನೋಟ ಬೀರಿ, ಮೂಳೆ ಡಾಕ್ಟರ ಕಡೆ ತಿರುಗಿದರು.

"ಆ ವಿದ್ಯೆ ನಮ್ಮನೇಲಿ ಒಬ್ಬರಿಗೆ ಚೆನ್ನಾಗಿ ಬರುತ್ತೆ ಡಾಕ್ಟ್ರೇ. ಹೇಳಿಕೊಡ್ತಾರೆ," ಎಂದರು.

ಆದರೆ ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಕೋಣೆಯ ಸುದ್ದಿ ಎತ್ತಲಿಲ್ಲ. ಅತ್ತೆ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟು ಸೋಫಾದಲ್ಲಿ ಮಲಗಿದರು, ಬೈಕು ಹಿಂದಿನ ಕೋಣೆಯಲ್ಲಿ ಮಹಾರಾಜನಂತೆ ಮೆರೆಯಿತು. ಡಾಕ್ಟರು ಸೊನ್ನೆಯ ಕಾರ್ಡಿಗೆ ಗಾಜಿನ ಚೌಕಟ್ಟು ಹಾಕಿಸಿ ಕ್ಲಿನಿಕ್ಕಿನಲ್ಲಿ ನೇತುಹಾಕಿದರು. ಬಂದವರಿಗೆಲ್ಲ ಬಂಡೆ ಬಳಸಿದ್ದು ಹೇಗೆ, ಏರು ಹತ್ತಿದ್ದು ಹೇಗೆ ಎಂದು ವರ್ಣಿಸಿದರು. ಬಾಯಿ ತೆರೆದು, ದವಡೆ ಜೋಮು ಹಿಡಿದು ಮಲಗಿದವರು ಎದುರಾಡುವ ಹಾಗಿರಲಿಲ್ಲ. ಪಾಪ, ಹಲ್ಲು ಸರಿಹೋದ ಮೇಲೂ ಕೆಲವರು ಪೂರ್ತಿ ಕೇಳಿಯೇ ಏಳಬೇಕಾಗುತ್ತಿತ್ತು.

ಹೊರಗೆ ಹೀಗೆ ಮೆರೆದರೂ ಮನೆಗೆ ಬಂದು ಹಾಲ್ ದಾಟುವಾಗ ಡಾಕ್ಟರ ಹೆಜ್ಜೆ ಕುಗ್ಗುತ್ತಿತ್ತು. ಒಂದು ಗೀಟು ಎಳೆದಿದ್ದರೆ ಸಾಕಿತ್ತು, ಅತ್ತೆಗೆ ಕೋಣೆ ಸಿಗುತ್ತಿತ್ತು. ಎಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದರು. ಅಂಥ ಹೆಂಗಸಿನ ಮೇಲೆ ಬೈಕು ಬೀಳಿಸಿ, ಈಗ ಸೋಫಾದ ಮೇಲೆ ಮುದುರಿ ಮಲಗುವಂತೆ ಮಾಡಿದ್ದೇನಲ್ಲ ಎಂದು ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಒಂದು ದಿನ ಗಟ್ಟಿ ಮನಸ್ಸು ಮಾಡಿ ಕಾರ್ಯದರ್ಶಿಗಳಿಗೆ ಫೋನ್ ಮಾಡಿದರು. ನಲ್ಲಿ ರಿಪೇರಿಯ ವ್ಯಾನು ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬಂತು.

ಬೈಕನ್ನು ವ್ಯಾನಿಗೆ ಹತ್ತಿಸಿ ಹಗ್ಗ ಬಿಗಿಯುವಾಗ ಡಾಕ್ಟರ ಕಣ್ಣು ತುಂಬಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಅವರ ಕಣ್ಣಲ್ಲೂ ನೀರಾಡಿತು. ಕಾರ್ಯದರ್ಶಿಗಳು ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕುತ್ತಿರುವಾಗಲೇ ಡಾಕ್ಟರು ಕೋಣೆಯ ನೆಲ ಉಜ್ಜಿದರು, ಮಂಚಕ್ಕೆ ಹೊಸ ಹೊದಿಕೆ ಹಾಸಿದರು, ಮುಖ ತೊಳೆದುಕೊಂಡು ಅತ್ತೆಯ ಮುಂದೆ ಬಂದು ನಿಂತರು.

"ಅತ್ತೆ, ಏಳಿ. ನಿಮ್ಮ ಕೋಣೆ ಸಿದ್ಧವಾಗಿದೆ."

"ಯಾವ ಕೋಣೆ?"

"ಹಿಂದಿನದು. ಬೈಕು ಕಳಿಸ್ತಿದ್ದೀನಿ. ಇನ್ನು ನೀವು ಆರಾಮಾಗಿ ಅಲ್ಲೇ ಇರಬಹುದು."

ಅತ್ತೆಯ ಮುಖ ಬಾಡಿತು. "ಆ ಕೋಣೆ ಬೇಕು ಅಂತ ನಾನು ಯಾವಾಗ ಕೇಳಿದ್ದೆ?" ಎಂದರು. "ಇಲ್ಲಿ ಟಿವಿ ಇದೆ. ಈ ಕಿಟಕೀಲಿ ಬೀದಿ ಕಾಣುತ್ತೆ. ಮನೆಗೆ ಯಾರು ಬಂದ್ರು, ಯಾರು ಹೋದ್ರು, ಎಲ್ಲ ಗೊತ್ತಾಗುತ್ತೆ. ಅಲ್ಲಿ ಹಿತ್ತಲ ಗೋಡೆ ನೋಡ್ಕೊಂಡು, ನಿಮ್ಮ ಎಣ್ಣೆ ವಾಸನೆ ಕುಡ್ಕೊಂಡು ಯಾರು ಇರ್ತಾರೆ?"

ಮೊದಲೇ ಹೇಳಬಾರದಿತ್ತೇ ಎಂದು ಮಗಳು ಕೇಳಿದರು. ನೀವಿಬ್ಬರೂ ನನಗೋಸ್ಕರ ಜಗಳವಾಡುತ್ತಿದ್ದಿರಿ, ನನ್ನನ್ನು ಯಾರೂ ಕೇಳಲಿಲ್ಲ ಎಂದರು ಅತ್ತೆ.

ಡಾಕ್ಟರು ಹಾರಿ ಬಾಗಿಲಿಗೆ ಹೋಗಿ, ಹೊರಡಲಿದ್ದ ವ್ಯಾನಿಗೆ ಅಡ್ಡ ನಿಂತರು. ಕಾರ್ಯದರ್ಶಿಗಳು ಹಗ್ಗ ಬಿಚ್ಚಿದರು. ಬೈಕು ಒಳಗೆ ಬಂತು. ಡಾಕ್ಟರಿಗೆ ಹೋದ ಜೀವ ಬಂದಂತಾಯಿತು, ಜೀವದ ಜೊತೆ ಹಳೆಯ ಗತ್ತೂ ಬಂತು. ಸೋಫಾದ ಪಕ್ಕ ಕೂತು, ಅಂದು ತಾವು ಅಷ್ಟು ಅಚ್ಚುಕಟ್ಟಾಗಿ ಓಡಿಸಿ ಸೊನ್ನೆ ತೆಗೆದುಕೊಂಡದ್ದು ಎಂಥ ಒಳ್ಳೆಯದಾಯಿತು, ಇಲ್ಲದಿದ್ದರೆ ಅತ್ತೆಯ ಗತಿ ಏನಾಗುತ್ತಿತ್ತು ಎಂದು ಶುರುಮಾಡಿದರು. ಅತ್ತೆ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಂಡರು.

"ಬಂಡೆ ಹಿಂದೆ ಎಡಗಾಲು, ಏರಿನಲ್ಲಿ ಬಲಗಾಲು. ಎರಡು ಸಲ ತಾಗಿತ್ತು," ಎಂದರು. "ನೌಕರಿ ಪೂರ್ತಿ ಒಬ್ಬ ಹುಡುಗನಿಗೂ ಕೃಪಾಂಕ ಕೊಟ್ಟವಳಲ್ಲ ನಾನು. ಏನು ಮಾಡ್ಲಿ, ಆ ಕೋಣೆ ನೋಡಿದ್ದೆನಲ್ಲ."